ಚೀಲದ ಮೇಲಿನ ಎರಡು ಕೈ

ಕಳೆದ ಶನಿವಾರ ಮಗಳು ಸಿಂಚನ ವಿಶ್ವವಿದ್ಯಾಲಯದ ಊರಿನಿಂದ ಮನೆಗೆ ಬಂದಳು. ಬಾಗಿಲಲ್ಲಿ ಒದ್ದೆ ಶೂ ಬಿಚ್ಚುತ್ತಲೇ, "ಅಮ್ಮ, ಅಮೆರಿಕ ಉಪ್ಪಿಟ್ಟು ಮಾಡ್ತೀಯಾ, ಪ್ಲೀಸ್" ಅಂದಳು. ಮನೆಯಲ್ಲಿ ಹಳದಿ ರವೆ ಇತ್ತು. ಇಲ್ಲಿನ ಅಂಗಡಿಗಳಲ್ಲಿ ಅದಕ್ಕೆ ಪೊಲೆಂಟಾ ಎನ್ನುತ್ತಾರೆ, ಮೆಕ್ಕೆಜೋಳದ ರವೆ. ಬಾಣಲೆಗೆ ಹಾಕಿ ಹುರಿಯತೊಡಗಿದೆ. ಬಿಸಿಯಾಗುತ್ತಿದ್ದಂತೆ ಅದರ ವಾಸನೆ ಎದ್ದಿತು, ಸ್ವಲ್ಪ ಸಿಹಿ, ಸ್ವಲ್ಪ ಗೋಣಿಚೀಲದಂಥದ್ದು. ಮೂರು ವರ್ಷದ ಹಿಂದಿನ ಆ ಚಳಿಗಾಲದ ಮೊದಲಿನ ದಿನಗಳು ಇದ್ದಕ್ಕಿದ್ದಂತೆ ಅಡುಗೆಮನೆಗೆ ಬಂದು ಕೂತವು. ಡಚ್ಚರ ನಾಡಿನ ಜೂಟರ್‌ಮೀರ್ ಊರಿನ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡು, ಅದರೊಳಗೆ ಅಕ್ಕಿಮೂಟೆಯ ಮೇಲೆ ಕೂತ ನಮ್ಮ ಅತ್ತೆ, ಕೈಯಲ್ಲಿ ಮೈಕು ಹಿಡಿದ ಇಬ್ಬರು ಹುಡುಗಿಯರು, ಮತ್ತು ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದ ನಾನು.

ಆ ವರ್ಷ ಅತ್ತೆ ಗಂಗವ್ವ ಹಾವೇರಿಯ ಕಡೆಯಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಬಂದವರು ಡಿಸೆಂಬರಿನ ಮೊದಲ ಶನಿವಾರ ಹೊರಡಬೇಕಿತ್ತು. ಅವರಿಗೆ ಇಂಗ್ಲಿಷ್ ಬಾರದು, ಡಚ್ ಅಂತೂ ದೂರದ ಮಾತು. ಹಾಗಾಗಿ ನಾನೇ ಅವರ ದುಭಾಷಿ. ಈ ಕೆಲಸದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಹೆಮ್ಮೆ ನನಗೆ ಬಹಳವಿತ್ತು. ಮೈಸೂರಿನ ಮನೆಯಲ್ಲಿ ನಯವಾಗಿ ಮಾತಾಡಲು ಕಲಿತವಳು ನಾನು. ಯಾರ ಮಾತೇ ಆಗಲಿ, ನನ್ನ ಬಾಯಿಂದ ಹೊರಬರುವ ಹೊತ್ತಿಗೆ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಹಾಕಿಕೊಂಡಿರುತ್ತಿತ್ತು. ಡಾಕ್ಟರ ಹತ್ತಿರ ಅತ್ತೆ, "ಈ ಸುಡುಗಾಡ ಮಣಕಾಲು ನನ್ನ ಜೀವಾ ತಿನ್ನಾಕತ್ತೈತಿ" ಎಂದರೆ ನಾನು, "ಮೊಣಕಾಲಿನಲ್ಲಿ ಸ್ವಲ್ಪ ತೊಂದರೆಯಂತೆ" ಎನ್ನುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ಸೇಬಿನ ಕೇಕು ತಂದುಕೊಟ್ಟಾಗ ಅತ್ತೆ ಒಂದು ತುಂಡು ಬಾಯಿಗಿಟ್ಟು, "ಇದರಾಗ ಸಕ್ಕರಿ ಹಾಕೋದ ಮರತಾಳೇನು" ಎಂದು ಕೇಳಿದರು. ಮಾಡುವ ವಿಧಾನ ತಿಳಿಯಬೇಕಂತೆ ಎಂದು ನಾನು ಅನುವಾದಿಸಿದೆ. ಆ ಅಜ್ಜಿ ಸಂತೋಷಪಟ್ಟು ಮರುವಾರ ವಿಧಾನವನ್ನು ಬರೆದು ತಂದರು, ಜೊತೆಗೆ ಇನ್ನೊಂದು ಕೇಕನ್ನೂ ತಂದರು. ಅತ್ತೆ ನನ್ನನ್ನು ಒಮ್ಮೆ ನೋಡಿದರು.

ಸಿಂಚನ ಆಗ ಹದಿನಾರರವಳು, ಹೈಸ್ಕೂಲಿನ ನಾಲ್ಕನೆಯ ವರ್ಷ. ಅರ್ಧ ಪಾಠ ಡಚ್ಚಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಡೆಯುವ ಶಾಲೆ. ಆ ವರ್ಷ ಇತಿಹಾಸದ ಮೇಷ್ಟ್ರು ಮೆನೇರ್ ಬಕ್ಕರ್ ಪರೀಕ್ಷೆಯ ಬದಲು ಪಾಡ್‌ಕಾಸ್ಟ್ ಮಾಡಿ ಎಂದಿದ್ದರು. ಮೆನೇರ್ ಎಂದರೆ ಇಲ್ಲಿ ನಮ್ಮ 'ಸಾರ್' ಇದ್ದಂತೆ. ಇಬ್ಬಿಬ್ಬರ ಜೋಡಿ, ಇಪ್ಪತ್ತು ನಿಮಿಷ, ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಯಾವುದಾದರೂ ಒಂದು ವಿಷಯ. ಅವರ ನಿಯಮಗಳು ಮೂರು. ಆ ವಿಷಯ ಯಾರ ಬದುಕಿಗೆ ತಾಗಿತ್ತೋ ಅಂಥ ಒಬ್ಬರ ದನಿ ಅದರಲ್ಲಿ ಇರಬೇಕು. ಅವರ ಮಾತಿನಲ್ಲಿ ಏನನ್ನಾದರೂ ಕತ್ತರಿಸಿದರೆ ಕತ್ತರಿಸಿದ್ದೇವೆ ಎಂದು ಕೇಳುಗರಿಗೆ ಹೇಳಬೇಕು. ಬೇರೆ ಭಾಷೆಯಿಂದ ಅನುವಾದಿಸಿದ್ದರೆ, ಆ ಅನುವಾದವನ್ನು ಮತ್ತೆ ಅವರದೇ ಭಾಷೆಯಲ್ಲಿ ಅವರಿಗೆ ಕೇಳಿಸಿ, ಹೌದು ನಾನು ಹೇಳಿದ್ದು ಇದೇ ಎಂದು ಒಪ್ಪಿಸಿಕೊಳ್ಳಬೇಕು. ಮೂರನೆಯ ನಿಯಮವನ್ನು ಸಿಂಚನ ಊಟಕ್ಕೆ ಕೂತಾಗ ಹೇಳಿದ್ದು ನನಗೆ ನೆನಪಿದೆ. ಕೇಳಿದ್ದೆ, ಆದರೆ ತಲೆಗೆ ಹಾಕಿಕೊಂಡಿರಲಿಲ್ಲ.

ಸಿಂಚನಳ ಜೊತೆಗಾತಿ ಫ್ಲೋರ್, ಎತ್ತರದ, ಕೆಂಪು ಮೂಗಿನ ಡಚ್ ಹುಡುಗಿ. ಇಬ್ಬರೂ ಮೊದಲು ಚಂದ್ರನ ಮೇಲೆ ಇಳಿದವರ ಕಥೆ ಆರಿಸಿಕೊಂಡರು. ತರಗತಿಯಲ್ಲಿ ಇನ್ನೂ ಮೂರು ಜೋಡಿಗಳು ಅದೇ ಚಂದ್ರನ ಮೇಲೆ ಇಳಿದಿದ್ದವು. ಬೇರೆ ಏನಾದರೂ ಹುಡುಕಿ ಎಂದು ಮೇಷ್ಟ್ರು ವಾಪಸು ಕಳಿಸಿದರು. ಅಕ್ಟೋಬರ್ ಅರ್ಧ ಕಳೆದಿತ್ತು. ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ, ಸೈಕಲ್ ದಾರಿಯ ತುಂಬ ಕೊಳೆತ ಎಲೆ, ಮಳೆ ಮೇಲಿನಿಂದ ಬರುತ್ತಿದೆಯೋ ಪಕ್ಕದಿಂದ ಬರುತ್ತಿದೆಯೋ ತಿಳಿಯದಂಥ ಗಾಳಿ. ಇಬ್ಬರೂ ದಿನವೂ ನೆನೆದ ಕೋಳಿಗಳ ಹಾಗೆ ನಮ್ಮ ಅಡುಗೆಮನೆಗೆ ಬಂದು ಕೂತು, ವಿಷಯವಿಲ್ಲ ವಿಷಯವಿಲ್ಲ ಎಂದು ಗೊಣಗುತ್ತಿದ್ದರು.

ವಿಷಯ ಸಿಕ್ಕಿದ್ದು ನನ್ನ ಎಡವಟ್ಟಿನಿಂದ. ಒಂದು ಭಾನುವಾರ ರವೆ ಮುಗಿದಿತ್ತು. ನಮ್ಮ ಕಡೆಯ ಸಾಮಾನು ಸಿಗುವ ಅಂಗಡಿಗೆ ಹೋಗಲು ಟ್ರಾಮ್ ಹತ್ತಬೇಕು, ಆ ಮಳೆಯಲ್ಲಿ ಯಾರು ಹೋಗುತ್ತಾರೆ. ಮನೆ ಹಿಂದಿನ ತುರ್ಕರ ಅಂಗಡಿಯಲ್ಲಿ ರವೆಯ ಹಾಗೆ ಕಂಡ ಪ್ಯಾಕೆಟ್ ತಂದೆ. ಊರಿಗೆಲ್ಲ ಅನುವಾದ ಮಾಡುವವಳು ಪ್ಯಾಕೆಟ್ಟಿನ ಮೇಲೆ ಬರೆದಿದ್ದನ್ನು ಓದಿರಲಿಲ್ಲ. ಉಪ್ಪಿಟ್ಟು ಮಾಡಿದೆ. ಅದು ಅರಿಶಿನ ಹಾಕದೆಯೂ ಹಳದಿಯಾಗಿ, ಮುದ್ದೆ ಮುದ್ದೆಯಾಗಿ ಬಂತು. ನನ್ನ ಗಂಡ ಮಂಜುನಾಥ ಮುಖ ಕಿವುಚಿದರು. ಫ್ಲೋರ್ ಮಾತ್ರ ಸೌಜನ್ಯಕ್ಕೆ ತಿನ್ನುತ್ತಿದ್ದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಡುವೆಯೇ ನಿಲ್ಲಿಸಿದರು.

"ಯಾಕೆ ಅತ್ತೆ, ಸೀದಿದ್ಯಾ?" ಎಂದು ಕೇಳಿದೆ.

"ಇಲ್ಲವಾ. ಇದು ಅಮೆರಿಕದ ಉಪ್ಪಿಟ್ಟು. ನಮ್ಮ ಸಾಲ್ಯಾಗ ಕೊಡತಿದ್ರಲ್ಲ, ಅದ ಇದು. ಈ ವಾಸನಿ ಬಂದು ಐವತ್ತ ಅರವತ್ತ ವರ್ಷ ಆಗಿರಬೇಕು."

ಆಮೇಲೆ ಅವರು ಹೇಳುತ್ತಾ ಹೋದರು. ಅವರ ಊರಿನ ಶಾಲೆಗೆ ಚೀಲಗಟ್ಟಲೆ ಗೋವಿನಜೋಳದ, ಎಂದರೆ ಮೆಕ್ಕೆಜೋಳದ, ಹಳದಿ ರವೆ ಬರುತ್ತಿತ್ತಂತೆ. ಹಾಲಿನ ಪುಡಿ ಬರುತ್ತಿತ್ತಂತೆ, ನೀರಿಗೆ ಕಲಸುವ ಮೊದಲೇ ಹುಡುಗರು ಕದ್ದು ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲವಂತೆ. ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರವಿತ್ತಂತೆ. ಚೀಲ ಖಾಲಿಯಾದ ಮೇಲೆ ಮಾಸ್ತರ ಹೆಂಡತಿ ಅದರಲ್ಲೇ ಕೈಚೀಲ ಹೊಲಿದುಕೊಂಡು ಸಂತೆಗೆ ಹೋಗುತ್ತಿದ್ದರಂತೆ. "ನಮ್ಮಪ್ಪ ಹೆಣ್ಣ ಹುಡುಗಿಗೆ ಸಾಲಿ ಯಾಕ ಅಂತಿದ್ದ. ಆದ್ರ ಅಲ್ಲಿ ಒಂದ ಹೊತ್ತಿನ ಕೂಳು ಸಿಗತಿತ್ತು ನೋಡು, ಅದಕ್ಕ ಬಿಡಿಸಲಿಲ್ಲ. ಏಳನೇತ್ತ ತನಕ ಕಲ್ತೆ," ಎಂದರು ಅತ್ತೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನವೇ ವಿಷಯಕ್ಕೆ ಮೇಷ್ಟ್ರ ಒಪ್ಪಿಗೆ ಸಿಕ್ಕಿತು. ಅಮೆರಿಕ ತನ್ನ ಹೊಲದ ಕಾಳನ್ನು ಹಡಗಿನಲ್ಲಿ ಹೇರಿ ಬೇರೆ ದೇಶದ ಮಕ್ಕಳಿಗೆ ಏಕೆ ಕಳಿಸಿತು, ಅದರ ಹಿಂದೆ ದಯೆ ಎಷ್ಟಿತ್ತು, ರಾಜಕೀಯ ಎಷ್ಟಿತ್ತು, ಮತ್ತು ತಿಂದವರು ಏನನ್ನುತ್ತಾರೆ.

ಮುಂದಿನ ಮೂರು ವಾರ ನಮ್ಮ ಮನೆ ರೇಡಿಯೋ ಸ್ಟೇಷನ್ ಆಯಿತು. ಶಾಲೆಯಿಂದ ಸಣ್ಣದೊಂದು ಮೈಕು ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಕೂತರೆ ದನಿ ಗೋಡೆಗೆ ಬಡಿದು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹುಡುಗಿಯರು ಮನೆಯೆಲ್ಲ ಚಪ್ಪಾಳೆ ತಟ್ಟಿ ತಟ್ಟಿ ನೋಡಿ, ಕೊನೆಗೆ ಮೆಟ್ಟಿಲ ಕೆಳಗಿನ ಗೂಡೇ ಸರಿ ಎಂದರು. ಇಲ್ಲಿನ ಮನೆಗಳಲ್ಲಿ ಆ ಗೂಡು ಇದ್ದೇ ಇರುತ್ತದೆ. ನಮ್ಮದರಲ್ಲಿ ವ್ಯಾಕ್ಯೂಮ್ ಕ್ಲೀನರ್, ಸೈಕಲ್ ಪಂಪು, ಚಳಿಗಾಲದ ಕೋಟುಗಳು, ಹತ್ತು ಕೇಜಿಯ ಅಕ್ಕಿಮೂಟೆಗಳು ಇದ್ದವು. ಕೋಟು ಮತ್ತು ಅಕ್ಕಿ ಸದ್ದನ್ನು ನುಂಗುತ್ತವಂತೆ. ಅಕ್ಕಿಮೂಟೆಯ ಮೇಲೆ ಮೆತ್ತೆ ಹಾಕಿ ಅತ್ತೆಯನ್ನು ಕೂರಿಸಿದರು. ಬಾಗಿಲ ಬಳಿ ನಾನು, ನೆಲದ ಮೇಲೆ ಅವರಿಬ್ಬರು. ಫ್ರಿಜ್ಜಿನ ಗುಂಯ್ ಸದ್ದು ಬರುತ್ತದೆಂದು ಫ್ಲೋರ್ ಅದನ್ನು ಆರಿಸಿ ಬಂದಳು, ಮತ್ತೆ ಹಾಕಲು ಮರೆತಳು. ಸಂಜೆ ನೋಡಿದರೆ ದೋಸೆ ಹಿಟ್ಟು ಪಾತ್ರೆ ದಾಟಿ ಕೆಳಗಿನ ತರಕಾರಿಯ ಮೇಲೆಲ್ಲ ಹರಿದಿತ್ತು. ಆ ದಿನದ ದೋಸೆಯ ಹುಳಿಯನ್ನು ನಾವು ಇವತ್ತಿಗೂ ಮರೆತಿಲ್ಲ.

ಮೊದಲಿಗೆ ಅತ್ತೆ ಮೈಕು ಕಂಡರೆ ಭಾಷಣ ಮಾಡುವವರ ಹಾಗೆ ಸೆರಗು ಸರಿ ಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ" ಎಂದು ಶುರು ಮಾಡುತ್ತಿದ್ದರು. ಎರಡು ದಿನದಲ್ಲಿ ಸಂಕೋಚ ಹೋಯಿತು. ಮೂರನೆಯ ದಿನ ಫ್ಲೋರ್ ಕೇಳಿದಳು, "ಮಕ್ಕಳೆಲ್ಲ ಎಲ್ಲಿ ಕೂತು ತಿನ್ನುತ್ತಿದ್ದಿರಿ?" ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಪಕ್ಕದಲ್ಲಿ ತೂಗಿದ್ದ ಕೋಟಿನ ಗುಂಡಿಯನ್ನು ತಿರುವಿದರು.

"ನಾವು ಕಟ್ಟಿ ಮ್ಯಾಲೆ ಕುಂದರತಿದ್ವಿ. ದುರುಗಿ ಮತ್ತ ಅವರ ಕೇರಿ ಹುಡುಗೂರು ಕೆಳಗ, ಅಂಗಳದಾಗ, ಬ್ಯಾರೆ ಸಾಲು. ನಮಗ ಹಾಕಿ ಮುಗದ ಮ್ಯಾಲೆ ಅವರಿಗೆ, ಅದೂ ಸೌಟು ಮ್ಯಾಲೆ ಹಿಡದು, ತಾಟಿಗೆ ತಾಗಬಾರದು ಹಂಗ. ದುರುಗಿ ನನ್ನ ಗೆಳತಿ. ಹಳ್ಳದ ತನಕ ನಾವಿಬ್ಬರೂ ಕೈ ಹಿಡಕೊಂಡ ಬರತಿದ್ವಿ. ಸಾಲಿ ಕಾಣತಿದ್ದಂಗ ನಾ ಕೈ ಬಿಡತಿದ್ನಿ. ಆಕಿ ಬಿಡತಿದ್ದಿಲ್ಲ, ನಾ ಬಿಡತಿದ್ನಿ. ಇದನ್ನ ಹೇಳು ಅವರಿಗೆ."

ಆ ಗೂಡಿನಲ್ಲಿ ನನ್ನ ಕಿವಿ ಬಿಸಿಯಾಯಿತು. ಫ್ಲೋರಳ ನೀಲಿ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು. ಈ ಹುಡುಗಿ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳುತ್ತಾಳೆ, ಶಾಲೆಯಲ್ಲಿ ನೂರು ಜನ ಕೇಳುತ್ತಾರೆ, ನಾಳೆ ನನ್ನ ಮಗಳನ್ನು ಹೇಗೆ ನೋಡುತ್ತಾರೆ ಎಂದೆಲ್ಲ ಒಂದೇ ಉಸಿರಿಗೆ ಹೊಳೆಯಿತು. ಸಿಂಚನಳಿಗೆ ಅಜ್ಜಿಯ ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ, ಅದೂ ಅವರು ನಿಧಾನ ಮಾತಾಡಿದರೆ. ಆವತ್ತು ಅತ್ತೆ ನಿಧಾನ ಮಾತಾಡಿರಲಿಲ್ಲ. "ಎಲ್ಲ ಮಕ್ಕಳೂ ಅಂಗಳದಲ್ಲಿ ಸಾಲಾಗಿ ಕೂತು ಒಟ್ಟಿಗೆ ತಿನ್ನುತ್ತಿದ್ದರಂತೆ. ಇವರಿಗೆ ದುರುಗಿ ಎಂಬ ಒಳ್ಳೆಯ ಗೆಳತಿ ಇದ್ದಳಂತೆ, ಕೈ ಹಿಡಿದುಕೊಂಡು ಶಾಲೆಗೆ ಬರುತ್ತಿದ್ದರಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದನಿ ಒಂದು ಚೂರೂ ನಡುಗಲಿಲ್ಲ.

ಅತ್ತೆ ತಲೆ ಆಡಿಸಿ ಮುಂದಕ್ಕೆ ಹೋದರು. ಮನೆಯಲ್ಲಿದ್ದ ಚಿಕ್ಕ ತಮ್ಮನಿಗೆಂದು ಒಂದು ದಿನ ಉಪ್ಪಿಟ್ಟನ್ನು ಲಂಗದ ಉಡಿಯಲ್ಲಿ ಕಟ್ಟಿಕೊಂಡಿದ್ದು, ಮಾಸ್ತರು ಹಿಡಿದು ತಾಟನ್ನು ಕಿತ್ತುಕೊಂಡು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದು, ಎಲ್ಲವನ್ನೂ ಹೇಳಿದರು. ಅದನ್ನು ಇದ್ದದ್ದು ಇದ್ದ ಹಾಗೆ ಅನುವಾದಿಸಿದೆ.

"ಆಮೇಲೆ ಏನು ತಿಂದಿರಿ?" ಎಂದು ಫ್ಲೋರ್ ಕೇಳಿದಳು.

"ಏನಿಲ್ಲ. ನೀರು ಕುಡದ್ನಿ," ಎಂದ ಅತ್ತೆಗೆ ಕೆಮ್ಮು ಬಂತು, ಬಹಳ ಹೊತ್ತು ಬಂತು. ಸಿಂಚನ ಮೈಕು ಆರಿಸಿ ನೀರು ತಂದುಕೊಟ್ಟಳು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ನವೆಂಬರ್ ಕೊನೆಯಲ್ಲಿ ಎಲ್ಲ ಜೋಡಿಸಿ ಆಯಿತು. ಗುರುವಾರ ಸಂಜೆ ಶಾಲೆಯಲ್ಲಿ ಹೆತ್ತವರೆದುರು ಎಲ್ಲರ ಪಾಡ್‌ಕಾಸ್ಟ್ ಕೇಳಿಸುವುದಿತ್ತು, ಶನಿವಾರ ಅತ್ತೆಯ ವಿಮಾನ. ಅದಕ್ಕೂ ಮೊದಲಿನ ಸೋಮವಾರ ಶಾಲೆ ಬಿಟ್ಟ ಮೇಲೆ ಸಿಂಚನ ಮತ್ತು ಫ್ಲೋರ್ ಸೋಫಾದ ಮೇಲೆ ಅತ್ತೆಯ ಎರಡೂ ಪಕ್ಕ ಕೂತರು. ಮೂರನೆಯ ನಿಯಮದ ದಿನ ಅದು. ಸಿಂಚನ ನನ್ನ ಇಂಗ್ಲಿಷನ್ನು ಒಂದೊಂದೇ ವಾಕ್ಯ ಕೇಳಿಸಿಕೊಂಡು ತನ್ನ ಮುರುಕಲು ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಿದ್ದಳು. ಅಜ್ಜಿ ಹೂಂ ಎಂದರೆ ಫ್ಲೋರ್ ಹಾಳೆಯಲ್ಲಿ ಗುರುತು ಹಾಕುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಅತ್ತೆ ಊರಿಗೆ ಒಯ್ಯುವ ಚೀಸಿನ ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದೆ.

"ಅಜ್ಜಿ, ನೆಕ್ಸ್ಟ್. ಮಕ್ಳೆಲ್ಲಾ ಅಂಗಳದಲ್ಲಿ ಸಾಲಾಗಿ ಕೂತ್ಕೊಂಡು ಒಟ್ಟಿಗೆ ತಿಂತಿದ್ರು."

"ಯಾರು ಒಟ್ಟಿಗೆ?"

"ಎಲ್ಲಾರೂ. ಟುಗೆದರ್."

"ನಾ ಹಂಗ ಹೇಳಿಲ್ಲ," ಎಂದರು ಅತ್ತೆ. "ದುರುಗಿ ಸಾಲು ಎಲ್ಲಿ? ನಾ ಕೈ ಬಿಟ್ಟಿದ್ದೆಲ್ಲಿ?"

ಸುತ್ತುತ್ತಿದ್ದ ಚೀಸು ಕೈಯಲ್ಲೇ ಉಳಿಯಿತು. ಸಿಂಚನ ಅಜ್ಜಿಯ ಮೂಲ ಮಾತನ್ನು ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ಕೇಳಿದಳು. ಗೊತ್ತಾಗದ ಶಬ್ದಗಳನ್ನು ಅಜ್ಜಿಯನ್ನೇ ಕೇಳಿದಳು. ಕೇರಿ ಅಂದರೇನು, ಸೌಟು ಅಂದರೇನು, ತಾಗಬಾರದು ಅಂದರೆ ಯಾಕೆ ತಾಗಬಾರದು. ಅತ್ತೆ ಒಂದೊಂದಕ್ಕೂ ಉತ್ತರ ಹೇಳಿದರು. ಹತ್ತು ನಿಮಿಷ ಆಗಿರಬೇಕು. ಆ ಹತ್ತು ನಿಮಿಷವೂ ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹೊರಗೆ ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ಮಗಳೇ ಒಳಗೆ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಕೂಗಲು ಅನುಕೂಲವಾಗುತ್ತಿತ್ತು.

"ಅಮ್ಮ, ನೀನು ಚೇಂಜ್ ಮಾಡಿದ್ದೀಯ."

"ಫ್ಲೋರ್ ಕೂತಿದ್ಲಲ್ಲ ಚಿನ್ನಿ. ನಮ್ಮೂರಿನ ಬಗ್ಗೆ ಏನಂದ್ಕೋತಾಳೆ? ನಿನ್ನ ಕ್ಲಾಸಿನವರೆಲ್ಲ ಏನಂದ್ಕೋತಾರೆ?"

"ಹೋದ ತಿಂಗಳು ಹಿಸ್ಟರಿ ಕ್ಲಾಸಲ್ಲಿ ಅಮೆರಿಕದ ಹೋಟೆಲ್ ಫೋಟೋಸ್ ತೋರ್ಸಿದ್ರು. ಬ್ಲ್ಯಾಕ್ ಸ್ಟೂಡೆಂಟ್ಸ್ ಊಟದ ಕೌಂಟರಲ್ಲಿ ಕೂತಿದ್ದಾರೆ, ಯಾರೂ ಅವ್ರಿಗೆ ಸರ್ವ್ ಮಾಡ್ತಿಲ್ಲ. ನಾನು ಮನೇಗೆ ಬಂದು ಹೇಳ್ದಾಗ ನೀನು ಎಷ್ಟು ಬೈದೆ ಅವ್ರನ್ನ. ಅದೇ ಟೈಮಲ್ಲಿ ಅಮ್ಮ, ಆಲ್ಮೋಸ್ಟ್ ಅದೇ ವರ್ಷಗಳಲ್ಲಿ ಅಜ್ಜಿ ಸ್ಕೂಲಲ್ಲಿ ಇದು. ಅವ್ರದ್ದು ಹೇಳ್ಬಹುದು, ನಮ್ದು ಹೇಳ್ಬಾರ್ದಾ?"

ಕನ್ನಡ ಮರೆತು ಡಚ್ಚಿನಲ್ಲಿ ಉತ್ತರ ಕೊಡುವ ಮಗಳು ಅಷ್ಟು ಉದ್ದದ ಮಾತನ್ನು ನನಗಾಗಿ ಕನ್ನಡದಲ್ಲಿ ಕಟ್ಟಿಕೊಂಡು ಬಂದಿದ್ದಳು. ಅದೂ ಚುಚ್ಚಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಶುಭಾ, ಇದು ನಾಚಿಕಿ ಮಾತು ಅಂತ ನನಗೂ ಗೊತ್ತೈತಿ," ಎಂದರು. "ಅದಕ್ಕ ಹೇಳೇನಿ. ನನ್ನ ಮಗನ ಮುಂದೂ ಹೇಳಿದ್ದಿಲ್ಲ. ಈ ಹುಡುಗೂರು ಕೇಳಿದ್ರು, ಹೇಳಿದ್ನಿ. ನೀ ಅದನ್ನ ತೊಳದ ಇಟ್ರ ದುರುಗಿ ಮತ್ತ ಅಂಗಳದಾಗ ಕುಂತಂಗ ಆತಲ್ಲ."

ನಾಚಿಕೆಯಾಯಿತು, ಸುಳ್ಳು ಹೇಳಲಾರೆ. ಮೊದಲು ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆ, ಆಮೇಲೆ ನಿಜವಾದ ನಾಚಿಕೆ. ಅತ್ತೆಯ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದು ನಾನು ನಂಬಿದ್ದೆ. ನೋಡಿದರೆ ಕಾಪಾಡಿದ್ದು ನನ್ನದನ್ನು. ಫ್ಲೋರ್ ಸೋಫಾದಲ್ಲಿ ಗುರುತು ಹಾಕದ ಹಾಳೆ ಹಿಡಿದು, ಈ ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಕೂತಿದ್ದಳು. ನಾನೇ ಹೋಗಿ ಅವಳೆದುರು ಕೂತು, ನಾನು ಏನು ಬಿಟ್ಟಿದ್ದೆ, ಏಕೆ ಬಿಟ್ಟಿದ್ದೆ ಎಂದು ಹೇಳಿದೆ. ಅವಳು ಹಾಳೆಯನ್ನು ಮಡಿಲಲ್ಲಿಟ್ಟು, "ನಮ್ಮ ಅಜ್ಜನೂ ಯುದ್ಧದ ಕಾಲದ ತನ್ನ ಅಪ್ಪನ ಬಗ್ಗೆ ಕೇಳಿದರೆ ಮಾತು ಬದಲಾಯಿಸಿ ತೋಟ ತೋರಿಸುತ್ತಾನೆ," ಎಂದಳು. ಆಮೇಲೆ ಒಂದು ಬಿಸ್ಕತ್ತು ತೆಗೆದುಕೊಂಡಳು.

ಮಂಗಳವಾರ ಆಫೀಸಿನಿಂದ ಬೇಗ ಬಂದು ಮತ್ತೆ ಗೂಡಿಗೆ ಹೊಕ್ಕೆ. ಅಕ್ಕಿಮೂಟೆಯ ಮೇಲೆ ಈ ಸಲ ನಾನು. ಅತ್ತೆ ಹೇಳಿದ್ದ ಆರೇಳು ವಾಕ್ಯಗಳು. ಅವುಗಳನ್ನು ಇಂಗ್ಲಿಷಿಗೆ ತರಲು ಪದಗಳೇನೂ ಕಷ್ಟದವಲ್ಲ, ಒಂದನೆಯ ತರಗತಿಯ ಮಗುವಿಗೂ ಬರುತ್ತವೆ. ಕೈ, ಸೌಟು, ಸಾಲು, ಬಿಡು. ಮೊದಲ ಸಲ ಎರಡನೆಯ ವಾಕ್ಯಕ್ಕೇ ನಿಂತೆ. ಎರಡನೆಯ ಸಲ ಅಭ್ಯಾಸಬಲದಿಂದ 'ಆ ಕಾಲದಲ್ಲಿ ಎಲ್ಲ ಕಡೆ ಹಾಗೇ ಇತ್ತು' ಎಂದು ಸೇರಿಸಿಬಿಟ್ಟೆ. ಸಿಂಚನ ಹೆಡ್‌ಫೋನ್ ಸರಿಸಿ, "ಅಮ್ಮ, ಅಜ್ಜಿ ಅದನ್ನ ಹೇಳಿಲ್ಲ" ಎಂದಳು. ಮೂರನೆಯದರಲ್ಲಿ ಸೌಟಿನ ಮಾತು ನುಂಗಿದೆ. ಹೀಗೆ ಏಳು ಸಲ ಆಯಿತು. ಏಳನೆಯ ಸಲ ಕಣ್ಣು ಮುಚ್ಚಿಕೊಂಡು, ಅತ್ತೆ ಉಸಿರೆಳೆದ ಕಡೆ ಉಸಿರೆಳೆದು, ಅವರು ನಿಲ್ಲಿಸಿದಲ್ಲಿ ನಿಲ್ಲಿಸಿ ಹೇಳಿದೆ. ಆಕೆ ಬಿಡುತ್ತಿರಲಿಲ್ಲ, ನಾನು ಬಿಡುತ್ತಿದ್ದೆ. ಹುಡುಗಿಯರು ಒಂದು ವಾಕ್ಯವನ್ನು ತಾವೇ ಸೇರಿಸಿದರು: ಮೊದಲ ಅನುವಾದದಲ್ಲಿ ಈ ಭಾಗ ಬದಲಾಗಿತ್ತು, ಈಗ ಸರಿಪಡಿಸಿದ್ದೇವೆ. ನನ್ನ ಹೆಸರು ಹಾಕಲಿಲ್ಲ. ಹಾಕಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಗುರುವಾರ ಸಂಜೆ ಏಳಕ್ಕೆ ಶಾಲೆಯ ಸಭಾಂಗಣದಲ್ಲಿ ಸೇರಿದೆವು. ಮಂಜುನಾಥ ಹೇಗ್‌ನ ಆಫೀಸಿನಿಂದ ನೇರ ಬಂದರು. ಅತ್ತೆ ಮಿಂಚುವ ಹಸಿರು ಇಳಕಲ್ ಸೀರೆಯ ಮೇಲೆ ನನ್ನ ಚಳಿಗಾಲದ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು. ಇಲ್ಲಿ ಡಿಸೆಂಬರಿನ ಹಬ್ಬಕ್ಕೆಂದು ಎಲ್ಲೆಡೆ ಕೊಡುವ ಗೋಲಿ ಗಾತ್ರದ ಮಸಾಲೆ ಬಿಸ್ಕತ್ತುಗಳು ಬಟ್ಟಲಲ್ಲಿದ್ದವು, ಅತ್ತೆ ಅವನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದರು. ಮೂರು ಜೋಡಿಗಳು ಚಂದ್ರನ ಮೇಲೆ ಇಳಿದವು, ಒಂದು ಜೋಡಿ ಯುದ್ಧಕ್ಕೆ ಹೋಗಿ ಬಂತು. ಆಮೇಲೆ ದೀಪ ಸ್ವಲ್ಪ ಇಳಿಸಿ ನಮ್ಮವರದು. ಅದಕ್ಕೆ ಅವರು 'ಚೀಲದ ಮೇಲಿನ ಎರಡು ಕೈ' ಎಂದು ಹೆಸರಿಟ್ಟಿದ್ದರು. ಮೊದಲು ಹಡಗು, ಗೋಧಿ, ಗೋವಿನಜೋಳ, ರಾಜಕೀಯ. ನಡುವೆ ಆ ಊಟದ ಕೌಂಟರಿನ ಮಾತು. ನಂತರ ಇಡೀ ಸಭಾಂಗಣದಲ್ಲಿ ಅತ್ತೆಯ ದನಿ: "ನಾವು ಕಟ್ಟಿ ಮ್ಯಾಲೆ ಕುಂದರತಿದ್ವಿ." ಒಂದು ಕ್ಷಣ ಬರೀ ಕನ್ನಡ. ಅದರ ಹಿಂದೆ ನನ್ನ ಇಂಗ್ಲಿಷು. ನನ್ನ ಪಕ್ಕದ ಹೆಂಗಸು ಕೈಯಲ್ಲಿದ್ದ ಕಾಫಿ ಲೋಟವನ್ನು ನೆಲದ ಮೇಲಿಟ್ಟಳು. ಕೊನೆಯಲ್ಲಿ ಅತ್ತೆಯ ಕೆಮ್ಮು, ಮೇಷ್ಟ್ರು ಅದನ್ನೂ ಕತ್ತರಿಸಬೇಡಿ ಎಂದಿದ್ದರು. ಯಾರೂ ನಮ್ಮ ಕಡೆಗೆ ನಾನು ಹೆದರಿದ್ದ ಕಣ್ಣಿನಲ್ಲಿ ನೋಡಲಿಲ್ಲ. ಮೆನೇರ್ ಬಕ್ಕರ್ ಬಂದು ಅತ್ತೆಯ ಕೈ ಹಿಡಿದು ಕುಲುಕಿದರು, ಅತ್ತೆ ಬಿಸ್ಕತ್ತಿನ ಪುಡಿ ಅಂಟಿದ ಕೈಯನ್ನೇ ಕೊಟ್ಟರು.

ಮನೆಗೆ ಬರುವಾಗ ಕಾರಿನಲ್ಲಿ ಅತ್ತೆ ಕೇಳಿದರು, "ನಾ ಹೇಳಿದ್ದು ಎಲ್ಲಾ ಹೇಳಿದಿ?"

"ಎಲ್ಲಾ ಹೇಳಿದೆ ಅತ್ತೆ."

"ಮಂಜ್ಯಾ, ಅದನ್ನ ನನ್ನ ಫೋನಿನ್ಯಾಗ ಹಾಕಿ ಕೊಡು. ದುರುಗಿಗೆ ಕೇಳಸತೇನಿ."

ದುರುಗಿ ಈಗ ದುರುಗವ್ವ, ಅಂಗನವಾಡಿ ಟೀಚರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತಿಯಾಗಿ ಹಾವೇರಿಯಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದು ಅತ್ತೆ ಆಗ ಹೇಳಿದರು. ಮದುವೆ ಮುಂಜಿಗಳಲ್ಲಿ ದೂರದಿಂದ ನೋಡಿ ನಕ್ಕಿದ್ದುಂಟು, ಕೂತು ಮಾತಾಡಿದ್ದಿಲ್ಲ. ಶನಿವಾರ ಅತ್ತೆ ಚೀಸು, ಬಿಸ್ಕತ್ತು, ಫೋನಿನೊಳಗೆ ಇಪ್ಪತ್ತು ನಿಮಿಷ ಹೊತ್ತುಕೊಂಡು ಹೊರಟರು. ಅವರು ಹೋದ ಮೇಲೆ ನನಗೆ ಒಂದೇ ಯೋಚನೆ. ದುರುಗವ್ವ ಕೇಳಿ ಏನನ್ನುತ್ತಾರೋ, ಬೇಸರ ಮಾಡಿಕೊಂಡು ಬಾಗಿಲು ಹಾಕಿಕೊಂಡರೆ ಅತ್ತೆಯ ಗತಿ ಏನು.

ಸಂಕ್ರಾಂತಿ ಕಳೆದ ಭಾನುವಾರ ಅತ್ತೆಯ ವಿಡಿಯೋ ಕಾಲ್ ಬಂತು. ಪರದೆಯಲ್ಲಿ ಅವರ ಅರ್ಧ ಮುಖ, ಪಕ್ಕದಲ್ಲಿ ಕನ್ನಡಕ ಹಾಕಿದ ಇನ್ನೊಬ್ಬರ ಅರ್ಧ ಮುಖ. ಇಬ್ಬರೂ ಒಂದೇ ಮಂಚದ ಮೇಲೆ ಕೂತಿದ್ದರು. ಅತ್ತೆ ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು.

"ಶುಭಾ, ನಿನಗ ಬೈದ್ನಿ ಅಲ್ಲ, ನಾನೂ ಒಂದ ಮಾತು ನುಂಗೇನಿ ನೋಡು. ಈಕಿ ಹಿಡದಾಳ."

ದುರುಗವ್ವ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ಕೂರಿಸಿ ಉಪ್ಪಿಟ್ಟು ಬಡಿಸಿದವರ ದನಿ, ಗಟ್ಟಿಯಾಗಿತ್ತು. "ಎಲ್ಲಾ ಛಲೋ ಹೇಳ್ಯಾಳವಾ, ಖರೇನ ಹೇಳ್ಯಾಳ. ಆದ್ರ ಮಾಸ್ತರು ತಾಟು ಕಸಗೊಂಡ ದಿನ ನೀರು ಕುಡದ್ನಿ ಅಂತಾಳಲ್ಲ, ಅದು ಸುಳ್ಳು. ಸಾಲಿ ಹಿಂದಿನ ಗ್ವಾಡಿ ಮರಿಗೆ ನನ್ನ ತಾಟಿನಾಗ ಇಬ್ಬರೂ ತಿಂದೇವಿ. ನಾ ಕೊಟ್ಟೇನಿ, ಈಕಿ ತಿಂದಾಳ. ಅದನ್ನ ಯಾಕ ಬಿಟ್ಲು ಕೇಳು."

"ಅವ್ವನ ಹೆದರಿಕಿ," ಎಂದರು ಅತ್ತೆ ಪಕ್ಕದಿಂದ. "ಅವ್ವ ಹೋಗಿ ಎಷ್ಟ ವರ್ಷ ಆತು. ಆದ್ರೂ ಬಾಯಿಗೆ ಬರಲಿಲ್ಲ. ಕೆಮ್ಮು ಬಂತು."

ಆ ಕೆಮ್ಮನ್ನು ನೂರು ಜನ ಕೇಳಿದ್ದರು. ನಾನೂ ಕೇಳಿದ್ದೆ.

"ಹಾಕು ಅದನ್ನ," ಎಂದು ಅತ್ತೆ ಹೇಳಿದರು. "ಸಿಂಚನಾಗ ಹೇಳು, ಅಜ್ಜಿ ಬಿಟ್ಟಿದ್ದು ಇದು ಅಂತ ಸೇರಸಲಿ."

"ಉಪ್ಪು ಕಡಿಮಿ ಇರತಿತ್ತು," ಎಂದರು ದುರುಗವ್ವ. "ಅದನ್ನೂ ಹಾಕು. ಯಾರೂ ಹೇಳೇ ಇಲ್ಲ."

ಅಂಕಗಳು ಆಗಲೇ ಬಂದಿದ್ದವು, ಬದಲಾಯಿಸುವ ಅಗತ್ಯವಿರಲಿಲ್ಲ. ಆದರೂ ಮೇಷ್ಟ್ರನ್ನು ಕೇಳಿದಾಗ, ನಿಯಮ ನಿಯಮವೇ ತಾನೆ ಎಂದು ಮೈಕನ್ನು ಮತ್ತೆ ಕೊಟ್ಟರು. ಮರುದಿನ ಸಂಜೆ ಫ್ಲೋರ್ ಫ್ರಿಜ್ಜನ್ನು ಆರಿಸಿದಳು, ಮರೆಯಬಾರದೆಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ನಾನು ಕೋಟುಗಳ ನಡುವೆ ಅಕ್ಕಿಮೂಟೆಯ ಮೇಲೆ ಕೂತೆ. ಒಂದು ಗೋಡೆಯ ಮರೆ, ಒಂದು ತಾಟು, ಇಬ್ಬರು ಹುಡುಗಿಯರು, ಕೊಟ್ಟವಳು ಯಾರು, ತಿಂದವಳು ಯಾರು, ಉಪ್ಪು ಕಡಿಮೆ ಇತ್ತು. ಅಷ್ಟನ್ನೂ ಹೇಳಿ ಬಾಯಿ ಮುಚ್ಚಿದೆ.

ಸಿಂಚನ ಹೆಡ್‌ಫೋನ್ ತೆಗೆದಳು. "ಅಮ್ಮ," ಎಂದಳು, "ಒಂದೇ ಟೇಕ್."